ಮೂರು ಗೋಡೆಯ ದಿಬ್ಬ

ಸುಂಕಲಪಾಳ್ಯದ ಚರ್ಚಿನ ಹಿಂದೆ, ಕೆರೆಯ ಕಡೆಗೆ ಇಳಿಯುವ ದಿಬ್ಬದ ಮೇಲೆ ಊರ ಕ್ರೈಸ್ತರ ಹಳೆಯ ಸಮಾಧಿ ಭೂಮಿಯಿದೆ. ಅದಕ್ಕೆ ಮೂರೇ ಗೋಡೆ. ಗಾರೆಯಿಲ್ಲದೆ ಕಾಡುಗಲ್ಲು ಪೇರಿಸಿ ಕಟ್ಟಿದ, ಎದೆಮಟ್ಟದ ಗೋಡೆಗಳು. ಕೆರೆಯ ಕಡೆಗೆ ಏನೂ ಇಲ್ಲ, ಹುಲ್ಲು ಮತ್ತು ನೆಲದಿಂದ ತುಸುವೇ ತಲೆಯೆತ್ತಿದ ತಳಪಾಯದ ಒಂದು ಗೆರೆ ಮಾತ್ರ. ಈಚೆಗೆ ಯಾರೋ ಬಾಗಿಲ ಬಳಿ ಫಲಕ ನೆಟ್ಟು, ಮೂರು ಗೋಡೆಗಳು ಪಿತ, ಸುತ, ಪವಿತ್ರಾತ್ಮರ ಸಂಕೇತ ಎಂದು ಬರೆಸಿದ್ದಾರೆ. ಚಂದದ ವಿವರಣೆ. ಹೊರಗಿನಿಂದ ಬಂದವರು ಓದಿ, ಫೋಟೋ ತೆಗೆದುಕೊಂಡು, ಸಮಾಧಾನದಿಂದ ಹೋಗುತ್ತಾರೆ. ಊರಿನ ಹೆಂಗಸರು ಮಾತ್ರ ಆ ಫಲಕದ ಮೇಲೆ ಸೀರೆ ಒಣಹಾಕುತ್ತಾರೆ. ನಾಲ್ಕನೆಯ ಗೋಡೆಯೂ ಒಂದು ಕಾಲಕ್ಕೆ ಇತ್ತು, ಅದನ್ನು ಕಟ್ಟಿದವರು ಯಾರು, ಕೆಡವಿದವರು ಯಾರು ಎಂಬುದು ಅವರಿಗೆ ಗೊತ್ತು.

ಹಿಂದೆ ಒಮ್ಮೆ, ಇನ್ನೂರೈವತ್ತು ವರ್ಷದ ಕೆಳಗೆ ಎನ್ನುತ್ತಾರೆ, ಮುನ್ನೂರು ಎಂದು ಹಟ ಹಿಡಿಯುವವರೂ ಇದ್ದಾರೆ, ಈ ಸೀಮೆಯಲ್ಲಿ ಯೇಸುವಿನ ಹೆಸರು ಇನ್ನೂ ಹೊಸದಾಗಿದ್ದ ಕಾಲ. ಹಡಗಿನಲ್ಲಿ ಬಂದು ಕಾವಿ ಉಟ್ಟು ಕನ್ನಡ ಕಲಿತ ಒಬ್ಬ ಗುರುಗಳಿದ್ದರು. ಅವರ ಹುಟ್ಟುಹೆಸರು ಯಾರ ನಾಲಿಗೆಗೂ ಒಗ್ಗದ್ದರಿಂದ ಕಾವಿಸ್ವಾಮಿ ಎಂದೇ ಕರೆಯುತ್ತಿದ್ದರು. ಅವರು ಹೊಳೆ ದಾಟಿ ಪಾಳ್ಯಕ್ಕೆ ಬರುತ್ತಿದ್ದುದು ವರ್ಷಕ್ಕೆ ಎರಡೇ ಸಲ. ಉಳಿದ ದಿನಗಳಲ್ಲಿ ಜಪ, ಪಾಠ, ಸಾವು ನೋವು ಎಲ್ಲವೂ ಉಪದೇಶಿ ಇನ್ನಾಸಪ್ಪನ ಪಾಲಿನವು. ಇನ್ನಾಸಪ್ಪ ನೇಮದ ಮನುಷ್ಯ. ಭಾನುವಾರ ಊರವರನ್ನು ಕೂರಿಸಿಕೊಂಡು ಪ್ರಶ್ನೋತ್ತರ ಹೇಳಿಸುತ್ತಿದ್ದ: ಸರ್ವೇಶ್ವರನಿಗೆ ಆದಿ ಉಂಟೋ, ಅಂತ್ಯ ಉಂಟೋ, ಆತ ಎಲ್ಲಿದ್ದಾನೆ. ತಪ್ಪಿದವರು ಎಲ್ಲರೆದುರು ಎದ್ದು ನಿಲ್ಲಬೇಕು, ಮುಂದಿನ ವಾರದವರೆಗೂ ತಲೆ ತಗ್ಗಿಸಿ ನಡೆಯಬೇಕಾಗುತ್ತಿತ್ತು. ಅವನ ಬಳಿ ಒಂದು ಹಿತ್ತಾಳೆಯ ಗಿಂಡಿಯಿತ್ತು. ಸ್ವಾಮಿ ಬರುವವರೆಗೆ ಉಳಿಯಲಾರದ ಹಸುಗೂಸುಗಳ ತಲೆಗೆ ಅದರಿಂದಲೇ ನೀರೆರೆದು ಜ್ಞಾನಸ್ನಾನ ಕೊಡುತ್ತಿದ್ದ. ಹಾಗೆ ಕೊಟ್ಟ ಕೂಸುಗಳಲ್ಲಿ ಬದುಕಿದ್ದು ಒಂದೋ ಎರಡೋ. ಹೀಗಾಗಿ ಆ ಗಿಂಡಿ ಯಾವ ಬೀದಿಗೆ ತಿರುಗಿದರೂ ಆ ಬೀದಿಯ ತಾಯಂದಿರು ಎದೆ ಹಿಡಿದುಕೊಳ್ಳುತ್ತಿದ್ದರು. ಗಿಂಡಿ ಬಂತು ಎಂದರೆ ಮಗು ಹೋಯಿತು ಎಂದೇ ಲೆಕ್ಕ. ನೀರೆರೆಯಲು ಅಂಥ ಗಳಿಗೆಯಲ್ಲಿ ಯಾರ ಕೈಯಾದರೂ ಆದೀತು, ಯಾವ ಪಾತ್ರೆಯಾದರೂ ಆದೀತು ಎಂಬ ಮಾತು ಸ್ವಾಮಿಯ ಪುಸ್ತಕದಲ್ಲಿತ್ತಂತೆ. ಆ ಪಾಠವೊಂದನ್ನು ಇನ್ನಾಸಪ್ಪ ಯಾರಿಗೂ ಕಲಿಸಿರಲಿಲ್ಲ.

ಜ್ಞಾನಸ್ನಾನವಾಗದೆ ಸತ್ತ ಕೂಸಿಗೆ ಗೋಡೆಯ ಒಳಗೆ ಜಾಗವಿಲ್ಲ, ಅದು ನಿಯಮ. ಕುಂಬಾರರ ಜ್ಞಾನಮ್ಮನ ಚೊಚ್ಚಲ ಮಗು ಹುಟ್ಟಿದ ದಿನವೇ ಸತ್ತಾಗ ಇನ್ನಾಸಪ್ಪ ಬೇರೆ ಊರಿನಲ್ಲಿದ್ದ. ಹಿಂದಿರುಗಿ ಬಂದವನು ಕೂಸನ್ನು ಗೋಡೆಯ ಆಚೆ, ಕೆರೆಯ ಇಳಿಜಾರಿನಲ್ಲಿ ಹೂಳಿಸಿದ. ತನ್ನ ಅವ್ವನ ಗೋರಿಯ ಪಕ್ಕದಲ್ಲಿ ಒಂದು ಮೊಳ ಜಾಗ ಕೊಡಿ ಎಂದು ಜ್ಞಾನಮ್ಮ ಕಾಲು ಹಿಡಿದಳಂತೆ. ನಿಯಮ ನನ್ನದಲ್ಲವಮ್ಮ ಎಂದು ಆತ ಕಾಲು ಬಿಡಿಸಿಕೊಂಡನಂತೆ.

ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಇನ್ನಾಸಪ್ಪನ ಹೆಂಡತಿ ಮಗ್ದಲಮ್ಮ ಹೆಣ್ಣುಮಗುವನ್ನು ಹೆತ್ತಳು. ಅದು ಮಳೆಗಾಲ, ಹೊಳೆ ತುಂಬಿ ಸ್ವಾಮಿ ಆಚೆ ದಡದಲ್ಲಿ ತಡೆದು ನಿಂತಿದ್ದರು. ಐದನೆಯ ದಿನ ಮಗುವಿಗೆ ಜ್ವರ ಏರಿತು, ಹಾಲು ಬಿಟ್ಟಿತು. ಮಗ್ದಲಮ್ಮ ಗೂಟದಲ್ಲಿ ತೂಗುತ್ತಿದ್ದ ಗಿಂಡಿಯನ್ನು ಕಣ್ಣಲ್ಲೇ ತೋರಿಸಿದಳು. ಆತ ನೋಡದವನಂತೆ ಹೊರಗೆ ಹೋದ. ಎರಡನೆಯ ಸಲ ಬಾಯಿಬಿಟ್ಟು ಕೇಳಿದಳು. ಸರ್ವೇಶ್ವರನಿಗೆ ಸಾವಿರ ವರ್ಷವೂ ಒಂದು ದಿನದಂತೆ, ನಮಗೆ ಎರಡು ದಿನ ತಾಳಲಾಗದೇ, ನೀರು ಇಳಿದರೆ ಸ್ವಾಮಿಯೇ ಬಂದು ಹೆಸರಿಡುತ್ತಾರೆ ಎಂದ. ಮೂರನೆಯ ಸಲ ಅವಳು ಕೇಳಿದಾಗ ಆತ ಅಂದದ್ದು ಮಾತ್ರ ಊರಿಗೆ ಉಳಿದಿದೆ: "ಆ ಗಿಂಡಿ ಇಳಿಸಿದ್ರೆ ಇವಳು ಹೋಗ್ತಾಳೆ, ಮಗ್ದಲ. ನನ್ನ ಕೈಲಿ ಅದನ್ನ ಮಾಡಿಸಬೇಡ." ಅಷ್ಟು ವರ್ಷ ಊರವರ ಕಣ್ಣಲ್ಲಿ ಕಂಡ ಹೆದರಿಕೆ ಕೊನೆಗೆ ಅವನ ಮನೆಯೊಳಗೂ ಬಂದು ಕೂತಿತ್ತು. ನಡುಮಧ್ಯಾಹ್ನ, ಗಿಂಡಿ ಗೂಟದಲ್ಲಿರುವಾಗಲೇ, ಮಗು ಹೋಯಿತು.

ನೀರೆರೆದೆ ಎಂದುಬಿಡಿ, ಯಾರು ಕೇಳುತ್ತಾರೆ, ಎಂದು ಹಿರಿಯರು ಹೇಳಿದರಂತೆ. ಯಾರೂ ಕೇಳುತ್ತಿರಲಿಲ್ಲ. ಒಂದು ಸುಳ್ಳಿನಲ್ಲಿ ಮಗಳು ಗೋಡೆಯ ಒಳಗಿರುತ್ತಿದ್ದಳು. ಇನ್ನಾಸಪ್ಪ ಕೂಸನ್ನು ಹೆಗಲವಸ್ತ್ರದಲ್ಲಿ ಸುತ್ತಿಕೊಂಡು ದಿಬ್ಬ ಹತ್ತಿದ, ಸಮಾಧಿ ಭೂಮಿಯ ಬಾಗಿಲವರೆಗೂ ಹೋದ, ಅಲ್ಲಿ ತುಂಬ ಹೊತ್ತು ನಿಂತ. ಬಾಗಿಲಲ್ಲಿ ಜ್ಞಾನಮ್ಮ ಇದ್ದಳು.

"ಬನ್ನಿ ಉಪದೇಶಿಗಳೇ," ಅಂದಳು. "ಜಾಗ ನಾನು ತೋರಿಸ್ತೀನಿ."

ಆತ ಅವಳ ಹಿಂದೆ ಗೋಡೆ ಬಳಸಿಕೊಂಡು ಇಳಿಜಾರಿಗೆ ನಡೆದ. ಜ್ಞಾನಮ್ಮ ತನ್ನ ಮಗುವಿನ ಪಕ್ಕದಲ್ಲೇ ಒಂದು ಮೊಳ ಜಾಗ ತೋರಿಸಿದಳು. ಅದು ಕುಹಕವೋ ಕರುಣೆಯೋ ಎಂದು ಇವತ್ತಿಗೂ ಪಾಳ್ಯದಲ್ಲಿ ಎರಡು ಪಕ್ಷಗಳಿವೆ.

ಮುಂದಿನ ಭಾನುವಾರವೂ ಪಾಠ ನಡೆಯಿತು. ನೇಮದ ಮನುಷ್ಯ, ನಿಲ್ಲಿಸಲಿಲ್ಲ. ಮೊದಲ ಪ್ರಶ್ನೆಯನ್ನು ಅರ್ಧ ಹೇಳಿ, ಮತ್ತೆ ಮೊದಲಿನಿಂದ ಶುರುಮಾಡಿದ. ಹೆಂಗಸರ ಸಾಲಿನ ಕೊನೆಯಲ್ಲಿ ಬಾಣಂತಿಯ ಕಿವಿಬಟ್ಟೆ ಕಟ್ಟಿಕೊಂಡು ಕೂತಿದ್ದ ಮಗ್ದಲಮ್ಮ ಎದ್ದು ನಿಂತಳು. ಪ್ರಶ್ನೆಗಳನ್ನು ತಾನೇ ಕೇಳತೊಡಗಿದಳು.

"ಸರ್ವೇಶ್ವರನಿಗೆ ಆದಿ ಉಂಟೋ?"

"ಇಲ್ಲ," ಎಂದ ಇನ್ನಾಸಪ್ಪ ಅಭ್ಯಾಸಬಲದಿಂದ.

"ಅಂತ್ಯ?"

"ಇಲ್ಲ."

"ಎಲ್ಲಿದ್ದಾನೆ?"

"ಎಲ್ಲೆಲ್ಲಿಯೂ ಇದ್ದಾನೆ."

"ಗೋಡೆಯ ಆಚೆ?"

ಇದು ಪುಸ್ತಕದಲ್ಲಿರಲಿಲ್ಲ. "ಪಾಠ ಬರದಿದ್ರೆ ನಮ್ಮನ್ನ ನಿಲ್ಲಿಸ್ತೀರಲ್ಲ, ನೀವೂ ನಿಂತ್ಕೊಂಡು ಹೇಳಿ," ಎಂದಳು. ಆತ ಎದ್ದು ನಿಂತು, ಇದ್ದಾನೆ ಎಂದ. "ಹಂಗಾದ್ರೆ ನಮ್ಮ ಕೂಸು ಯಾವುದರಿಂದ ಹೊರಗಿದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ದಿಬ್ಬ ಹತ್ತಿದಳು. ಕೆರೆಯ ಕಡೆಯ ಗೋಡೆಯಿಂದ ಒಂದು ಕಲ್ಲು ಕಿತ್ತು, ಮಡಿಲಲ್ಲಿಟ್ಟು ಒಯ್ದು, ಮಗಳ ತಲೆಯ ಬಳಿ ನೆಟ್ಟಳು. ಎರಡನೆಯ ಕಲ್ಲನ್ನು ಕಿತ್ತವಳು ಜ್ಞಾನಮ್ಮ. ಆಮೇಲೆ ಉಳಿದ ತಾಯಂದಿರು ಒಬ್ಬೊಬ್ಬರಾಗಿ ಬಂದರು. ಹೊರಗೆ ಅಷ್ಟೊಂದು ಕೂಸುಗಳಿದ್ದವೆಂದು ಅದುವರೆಗೆ ಯಾರೂ ಎಣಿಸಿರಲಿಲ್ಲ. ಸಂಜೆಯ ಹೊತ್ತಿಗೆ ಉಳಿದ ಕಲ್ಲುಗಳನ್ನು ಇನ್ನಾಸಪ್ಪ ತಾನೇ ಒಂದೊಂದಾಗಿ ಇಳಿಸಿದನಂತೆ.

ಹೊಳೆ ಇಳಿದ ಮೇಲೆ ಕಾವಿಸ್ವಾಮಿ ಬಂದರು. ಗೋಡೆಯಿಲ್ಲದ ಕಡೆ ನಿಂತು ಚಿಕ್ಕ ಚಿಕ್ಕ ಕಲ್ಲುಗಳನ್ನು ನೋಡಿದರು. ಮತ್ತೆ ಕಟ್ಟಿಸಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮೇಲಿನವರಿಗೆ ಬರೆದು ಕೇಳುತ್ತೇನೆ, ಉತ್ತರ ಬರುವವರೆಗೆ ಹೀಗೇ ಇರಲಿ ಎಂದರು. ಕಾಗದ ಹಡಗು ಹತ್ತಿತು. ಉತ್ತರ ಇನ್ನೂ ಬಂದಿಲ್ಲ. ಪಾಳ್ಯದವರಿಗೂ ಅವಸರವಿಲ್ಲ, ಸಾವಿರ ವರ್ಷ ತುಂಬಲು ಇನ್ನೂ ಬೇಕಾದಷ್ಟು ಸಮಯವಿದೆ ಎನ್ನುತ್ತಾರೆ. ಇನ್ನಾಸಪ್ಪ ಅಂದಿನಿಂದ ಪಾಠ ಹೇಳಲಿಲ್ಲ. ಗಿಂಡಿಯನ್ನು ಚರ್ಚಿನ ಜಗಲಿಯ ಮೇಲಿಟ್ಟು, ಯಾರು ಬೇಕಾದರೂ ಎರೆಯಬಹುದು, ಹೀಗೆ ಎರೆಯಬೇಕು ಎಂದು ಮನೆಮನೆಗೂ ಹೋಗಿ ತೋರಿಸಿಕೊಟ್ಟ. ಬದುಕಿದ್ದಷ್ಟು ಕಾಲ ಅದೊಂದೇ ಕೆಲಸ ಮಾಡಿದ.

ಇಂದು ಹೋದವರಿಗೆ ಮೂರು ಗೋಡೆ ಕಾಣುತ್ತದೆ. ಇಳಿಜಾರಿನಲ್ಲಿ ಮೊಳದುದ್ದದ ದಿಣ್ಣೆಗಳು, ಪ್ರತಿಯೊಂದರ ತಲೆಗೂ ಒಂದು ಕಾಡುಗಲ್ಲು. ಅವುಗಳ ನಡುವೆ ಒಂದೇ ಒಂದು ದೊಡ್ಡ ಗೋರಿ ಮಗ್ದಲಮ್ಮನದು. ಇನ್ನಾಸಪ್ಪನದು ಅಲ್ಲಿಲ್ಲ. ತಾನು ಕೇಳಿಕೊಂಡಂತೆ ಆತ ಹಳೆಯ ತಳಪಾಯದ ಗೆರೆಯ ಮೇಲೆ ಅಡ್ಡಲಾಗಿ ಮಲಗಿದ್ದಾನೆ, ತಲೆ ಒಳಗೆ, ಕಾಲು ಹೊರಗೆ. ನವೆಂಬರ್ ಎರಡರಂದು, ಮೃತರ ಸ್ಮರಣೆಯ ದಿನ, ಊರ ಹೆಂಗಸರು ಕೆರೆಯಿಂದ ನೀರು ತಂದು ಪ್ರತಿ ಚಿಕ್ಕ ಕಲ್ಲಿನ ಮೇಲೂ ಒಂದು ಗಿಂಡಿ ಎರೆಯುತ್ತಾರೆ. ಅದಕ್ಕೆ ಮೊದಲು ಜ್ಞಾನಮ್ಮನ ವಂಶದವರೊಬ್ಬರು ಬಂದು ಇನ್ನಾಸಪ್ಪನ ಗೋರಿಗೆ ನೀರು ಹಾಕಬೇಕು. ಅವರು ಬರುವವರೆಗೆ ಉಳಿದವರೆಲ್ಲ ತುಂಬಿದ ಗಿಂಡಿ ಹಿಡಿದು ನಿಂತಿರುತ್ತಾರೆ. ಒಂದು ವರ್ಷವೂ ಅವರು ತಪ್ಪಿಸಿಲ್ಲ.