ಗಿಡ್ಡ ರಾಡಿನ ಮೊದಲ ಓಟ

ಮೆಕ್ಯಾನಿಕ್ ದಸ್ತಗೀರ್ ಸಾಬರು ಹಳೆಯ ಕಾರಿನ ಉದ್ದ ಗೇರ್ ರಾಡನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಅದರ ಜಾಗದಲ್ಲಿ ಗಿಡ್ಡ ರಾಡನ್ನು ಕೂರಿಸಿದರು.

“ಅಜ್ಜಾ, ನೀನು ಗೇಣುದ್ದ ತೂಗಾಡಿ ಹಾಕುತ್ತಿದ್ದ ಗೇರನ್ನು ನಾನು ಎರಡೇ ಬೆರಳಗಲದಲ್ಲಿ ಹಾಕುತ್ತೇನೆ ನೋಡು!” ಎಂದಿತು ಗಿಡ್ಡ ರಾಡು.

ಉದ್ದ ರಾಡಿಗೆ ತಾನು ಗುಜರಿಗೆ ಹೋಗುವ ಚಿಂತೆ ಇರಲಿಲ್ಲ. ಇದ್ದದ್ದು ಎರಡನೇ ಗೇರಿನ ಚಿಂತೆ.

“ಹಾಕು ಮಗು. ಆದರೆ ಎರಡನೆಯದರ ಹಲ್ಲು ಸವೆದಿದೆ. ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ನಿಂತು ಹೋಗು. ನುಗ್ಗಿದರೆ ಮುರಿದೀತು.”

“ಅದಕ್ಕೇ ನಿಧಾನವಾಗಿದ್ದೆಯಾ? ವಯಸ್ಸಾಯಿತು ಅಂದುಕೊಂಡಿದ್ದೆ!”

“ಅದೂ ಆಯಿತು.”

ಸಾಬರು ಕಾರು ಹೊರಡಿಸಿದರು. ಮೊದಲ ಗೇರು ಚಟಕ್ಕನೆ ಬಿತ್ತು. ಎರಡನೆಯದಕ್ಕೆ ತಳ್ಳಿದಾಗ ಗಿಡ್ಡ ರಾಡು ನಡುವೆ ತಡೆದು ನಿಂತಿತು.

“ಥತ್, ಹೊಸದಾದರೂ ಮೊಂಡು!” ಎಂದು ಸಾಬರು ಬೈದರು.

ಗಿಡ್ಡ ರಾಡು ಬೈಸಿಕೊಂಡು, ಆ ಒಂದು ಕ್ಷಣ ಕಳೆದ ಮೇಲೆಯೇ ಮುಂದೆ ಸರಿಯಿತು. ಬೆಂಚಿನ ಮೇಲೆ ಉದ್ದ ರಾಡು ಕಿವಿಗೊಟ್ಟಿತು. ಎರಡನೇ ಗೇರು ಸದ್ದಿಲ್ಲದೆ ಬಿತ್ತು.