ತುಕ್ಕಿನ ಹಾಡು

ತುಂಗಭದ್ರೆಯ ದಂಡೆಯ ಒಂದು ಆಶ್ರಮದಲ್ಲಿ ಚೆನ್ನವೀರಯ್ಯನವರು ತಬಲಾ ಕಲಿಸುತ್ತಿದ್ದರು. ಅವರಿಗೆ ಎಪ್ಪತ್ತೊಂಬತ್ತು.

ಅವರ ಹತ್ತಿರ ಹನ್ನೊಂದು ವರ್ಷ ಕಲಿತ ಫಕ್ಕೀರೇಶ ಕೊನೆಗೆ ಕಿವಿಗಡಚಿಕ್ಕುವ ಹೆವಿ ಮೆಟಲ್ ಬ್ಯಾಂಡೊಂದಕ್ಕೆ ಡ್ರಮ್ ಬಾರಿಸುವವನಾದ. ಆಶ್ರಮದಲ್ಲಿ ಕೆಲವರು ಮೂಗು ಮುರಿದರು. ಗುರುಗಳು ಮುರಿಯಲಿಲ್ಲ.

ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುವುದು ಸಂಗೀತಗಾರರ ರೂಢಿ. ಕೂದಲು ಬಿಚ್ಚಿಕೊಂಡು ಬಾರಿಸುವ ಆ ಗದ್ದಲದ ವೇದಿಕೆಯ ಮೇಲೂ ಫಕ್ಕೀರೇಶ ಅದನ್ನು ತಪ್ಪಿಸಿದವನಲ್ಲ.

ಒಂದು ದಿನ ಅವನು ಸ್ಪೀಕರ್ ಹೊತ್ತುಕೊಂಡು ಆಶ್ರಮಕ್ಕೆ ಬಂದ. ಅವನ ಬ್ಯಾಂಡು ಒಂದು ಆಲ್ಬಂ ಮಾಡಿತ್ತು. ಎಂಟು ಹಾಡು, ಎಂಟಕ್ಕೂ ಸೇರಿ ಒಂದೇ ಕಥೆ. ಕಬ್ಬಿಣದ ಒಂದು ತುಂಡು ತನ್ನ ಬದುಕನ್ನು ತಾನೇ ಹೇಳಿಕೊಳ್ಳುತ್ತದೆ. ಗುಡ್ಡದಿಂದ ಅಗೆದು ತೆಗೆದದ್ದು, ಕುಲುಮೆಯಲ್ಲಿ ಕಾದದ್ದು, ನೇಗಿಲಿಗೆ ಕುಳವಾದದ್ದು, ಕತ್ತಿಯಾದದ್ದು, ಸೆರೆಮನೆಯ ಸರಳಾದದ್ದು. ಕೊನೆಯ ಹಾಡಿನಲ್ಲಿ ಅದು ಹೊಳೆಯ ದಂಡೆಯಲ್ಲಿ ತುಕ್ಕು ಹಿಡಿದು ಮಣ್ಣಾಗುತ್ತದೆ.

ಆ ಕೊನೆಯ ಹಾಡಿಗೆ ತಬಲಾ ನುಡಿಸಿದವರು ಗುರುಗಳೇ. ತುಕ್ಕಿಗೆ ನಿಮ್ಮ ಕೈಯೇ ಬೇಕು ಎಂದು ಬೇಡಿಕೊಂಡು, ಹೋದ ತಿಂಗಳು ಫಕ್ಕೀರೇಶ ರೆಕಾರ್ಡ್ ಮಾಡಿಕೊಂಡು ಹೋಗಿದ್ದ.

ಈಗ ಅವನಿಗೆ ಬೇಕಾದದ್ದು ಒಂದೇ. ಆಲ್ಬಮ್ಮಿನ ಮೇಲೆ ಗುರುಗಳ ಹೆಸರು ಹಾಕಬೇಕು. ಅಪ್ಪಣೆಯಿಲ್ಲದೆ ಆ ಹೆಸರನ್ನು ಎಲ್ಲಿಯೂ ಹಾಕುವಂತಿರಲಿಲ್ಲ.

ಮೊದಲು ಕೇಳುತ್ತೇನೆ, ಆಮೇಲೆ ಹೇಳುತ್ತೇನೆ ಎಂದರು ಗುರುಗಳು.

ಮೊದಲ ಹಾಡಿಗೇ ಆಶ್ರಮದ ಕರು ಗೂಟ ಕಿತ್ತುಕೊಂಡು ಓಡಿತು. ಗುರುಗಳು ಕದಲಲಿಲ್ಲ. ಏಳು ಹಾಡುಗಳನ್ನು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ಎಂಟನೆಯದಕ್ಕೆ ಕಣ್ಣು ಬಿಟ್ಟರು.

"ಇದು ಯಾರ ಕೈ?"

"ನಿಮ್ದ ರೀ, ಗುರುಗಳ."

"ನಂದಲ್ಲ."

ಫಕ್ಕೀರೇಶ ಇದ್ದದ್ದನ್ನು ಒಪ್ಪಿಕೊಂಡ. ಬ್ಯಾಂಡಿನವರು ನುಡಿಸುವಾಗ ಕಿವಿಯೊಳಗೆ ಟಿಕ್ ಟಿಕ್ ಎಂದು ಲಯ ಎಣಿಸುವ ಯಂತ್ರ ಇರುತ್ತದೆ. ಗುರುಗಳ ಬೆರಳು ಈಗೀಗ ನಡುಗುತ್ತವೆ. ಪೆಟ್ಟು ಒಮ್ಮೆ ಮೊದಲೇ ಬೀಳುತ್ತದೆ, ಒಮ್ಮೆ ತಡವಾಗಿ. ಕೇಳಿದವರು ಮುದುಕನ ಕೈ ಹೋಯಿತು ಅಂದಾರು ಎಂದು ಅವನು ಹೆದರಿದ. ಮೂರು ದಿನ ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಪೆಟ್ಟನ್ನು ಸರಿಸಿ ನೆಟ್ಟಗೆ ಕೂರಿಸಿದ್ದ. ಪ್ರೀತಿಯಿಂದಲೇ ಮಾಡಿದ್ದ.

ಗುರುಗಳು ತಮ್ಮ ಬೆರಳು ನೋಡಿಕೊಂಡರು.

"ತುಕ್ಕಿಗೆ ನನ್ನ ಕೈ ಬೇಕು ಅಂದಿ. ಆಮ್ಯಾಲ ಇದ್ದ ತುಕ್ಕೆಲ್ಲಾ ತಿಕ್ಕಿ ತಗದಿ. ಇದಕ್ಕ ನನ್ನ ಹೆಸರು ಬ್ಯಾಡ."

ಫಕ್ಕೀರೇಶ ತಲೆ ತಗ್ಗಿಸಿದ. ಇದ್ದ ಹಾಗೆಯೇ ಇಟ್ಟರೆ ಗಿಟಾರಿನವರು ಜೊತೆಗೆ ನುಡಿಸಲಾರರು, ಮುಂದಿನ ಪೆಟ್ಟು ಯಾವಾಗ ಬಿದ್ದೀತೆಂದು ಅವರಿಗೆ ತಿಳಿಯುವುದಿಲ್ಲ ಎಂದ.

ಗುರುಗಳು ಎದ್ದು, ಹೊಳೆಗೆ ಹೋಗೋಣ ಬಾ ಎಂದು ಹೊರಟೇಬಿಟ್ಟರು. ಅವರ ಎಡಮೊಣಕಾಲು ಸರಿಯಿರಲಿಲ್ಲ. ನಾಲ್ಕು ಹೆಜ್ಜೆ ಬೇಗ ಇಡುವರು, ಐದನೆಯದಕ್ಕೆ ತಡೆಯುವರು, ಮೆಟ್ಟಿಲು ಬಂದರೆ ನಿಂತೇಬಿಡುವರು. ಫಕ್ಕೀರೇಶ ಪಕ್ಕದಲ್ಲಿ ನಡೆದ. ನೀರಿನ ಹತ್ತಿರ ಗುರುಗಳು ತಿರುಗಿದರು.

"ನನ್ನ ಮುಂದನೂ ಹೋಗಲಿಲ್ಲ, ಹಿಂದನೂ ಉಳೀಲಿಲ್ಲ. ನಿನ್ನ ಕಿವ್ಯಾಗ ಯಾವ ಯಂತ್ರ ಇತ್ತು?"

"ಯಾವ್ದೂ ಇಲ್ರಿ. ನಿಮ್ಮ ಕಾಲು ನೋಡ್ಕೋತ ಬಂದೆ."

"ನಿನ್ನ ಗೆಳ್ಯಾರಿಗೂ ಹಂಗ ಬರ್ರಿ ಅನ್ನು."

ಇಪ್ಪತ್ತು ದಿನ ಬಿಟ್ಟು ಫಕ್ಕೀರೇಶ ಮತ್ತೆ ಬಂದ. ಈ ಸಲ ಕರುವನ್ನು ಮೊದಲೇ ದೂರ ಕಟ್ಟಿದ್ದರು.

ಗುರುಗಳು ನುಡಿಸಿದ್ದನ್ನು ಅವನು ಇದ್ದಂತೆಯೇ ಇಟ್ಟಿದ್ದ. ಬ್ಯಾಂಡಿನವರು ಯಂತ್ರ ನಿಲ್ಲಿಸಿ, ಆ ಕೈಯನ್ನು ಒಂಬತ್ತು ದಿನ ಬರೀ ಕೇಳಿದ್ದರು. ಈಗ ತಬಲಾ ತಡೆದಲ್ಲಿ ಗಿಟಾರುಗಳು ತಡೆಯುತ್ತಿದ್ದವು. ಒಂದೊಂದಾಗಿ ಅವು ಹಿಂದೆ ಸರಿದವು, ಡ್ರಮ್ಮೂ ಸರಿಯಿತು. ಉಳಿದದ್ದು ನಡುಗುವ ಬೆರಳು ಮಾತ್ರ. ಕೊನೆಯ ಪೆಟ್ಟು ಎಷ್ಟು ತಡವಾಗಿ ಬಿತ್ತೆಂದರೆ, ಆಶ್ರಮದ ಜನ ಉಸಿರು ಹಿಡಿದು ಕಾದರು.

ಮೂಗು ಮುರಿದಿದ್ದವರೂ ತಲೆದೂಗಿದರು. ಮುಚ್ಚಿಡಲು ಹೊರಟಿದ್ದ ಆ ನಡುಕದ ಬಗ್ಗೆಯೇ ಫಕ್ಕೀರೇಶನಿಗೆ ಎದೆ ತುಂಬುವಷ್ಟು ಹೆಮ್ಮೆಯಾಯಿತು. ಈ ಕೈ ನನ್ನ ಗುರುವಿನದು ಎಂದು ಊರಿಗೆಲ್ಲ ಹೇಳಬೇಕು ಅನ್ನಿಸಿತು. ಜೇಬಿನಿಂದ ಪೆನ್ನು ತೆಗೆದ.

"ಗುರುಗಳು ಚೆನ್ನವೀರಯ್ಯ ಅಂತ ಬರೀಲೇನ್ರಿ?"

ಗುರುಗಳ ಕಣ್ಣು ಒದ್ದೆಯಾಗಿದ್ದವು. ಅವರು ನಡುಗುವ ಬಲಗೈ ಎತ್ತಿ ತಮ್ಮ ಕಿವಿ ಮುಟ್ಟಿಕೊಂಡರು.

"ಫಕ್ಕೀರೇಶನ ಜೋಡಿ ನುಡಿಸಿದಾಂವ ಅಂತ ಬರಿ."