ಬಾಸಿಂಗದವನ ಬೈಕು

"ಅಜ್ಜಾರ, ನಾಳೆ ಗೌಡ್ರ ಮನಿಗೆ ಹೋಗಾಂವ ಅದೀನ್ರಿ. ಮೊದ್ಲ ಮಂದಿ ಮುಂದ ಅವರ ಬಾಯಿಂದ ತಪ್ಪಾತು ಅನಸ್ಲೋ, ಇಲ್ಲಾ ಜಾಗದ ಮಾತು ಮೊದ್ಲ ತಗೀಲೋ?" ಎಂದು ಚನ್ನಮಲ್ಲ ಗುರುಗಳನ್ನು ಕೇಳಿದ.

ಚನ್ನಮಲ್ಲ ಗುರುಗಳ ಮಠದ ಶಿಷ್ಯ. ಮಠದ ಹಿಂದೆ ಹೆಣ್ಣುಮಕ್ಕಳ ವಸತಿನಿಲಯ ಕಟ್ಟಿಸಬೇಕೆಂದು ವರ್ಷಗಟ್ಟಲೆ ಓಡಾಡಿದ್ದ. ಅಲ್ಲಿಗೆ ಹೋಗುವ ದಾರಿಗೆ ಬೇಕಾದ ಜಾಗ ಅಡಿವೆಪ್ಪಗೌಡನದು. ಸಭೆ ಸೇರಿದಾಗಲೆಲ್ಲ ಗೌಡ ಅಡ್ಡಗಾಲು ಹಾಕಿದ. ಚನ್ನಮಲ್ಲನೂ ಸುಮ್ಮನಿರುವ ಪೈಕಿಯಲ್ಲ, ಗೌಡ ಒಂದು ಅಂದರೆ ಇವನು ಎರಡು ಅನ್ನುತ್ತಿದ್ದ. ಹಾಗೆ ಪಟ್ಟು ಹಿಡಿದದ್ದರಿಂದಲೇ ಕೆಲಸ ಇಲ್ಲಿಯವರೆಗೆ ಬಂದಿತ್ತು, ಅದು ಸುಳ್ಳಲ್ಲ. ಈಗ ಗೌಡನೇ ಹೇಳಿ ಕಳಿಸಿದ್ದ: ಜಾಗ ಕೊಡುತ್ತೇನೆ, ನಾಳೆ ಊಟಕ್ಕೆ ಬನ್ನಿ.

ಆ ಮಾತು ಕಿವಿಗೆ ಬಿದ್ದಾಗಿನಿಂದ ಚನ್ನಮಲ್ಲನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗೌಡ ಹಿಂದೆ ಆಡಿದ ಮಾತುಗಳನ್ನೆಲ್ಲ ನೆನಪು ಮಾಡಿಕೊಂಡು, ಯಾವುದನ್ನು ಯಾವಾಗ ಎತ್ತಿ ಆಡಬೇಕೆಂದು ಬಾಯಿಪಾಠ ಮಾಡಿಟ್ಟುಕೊಂಡಿದ್ದ. ಜಾಗಕ್ಕಿಂತ ಹೆಚ್ಚಾಗಿ ಗೌಡನ ಮುಖ ಸಣ್ಣದಾಗುವುದನ್ನು ನೋಡುವ ಆಸೆ ಅವನಿಗೆ.

ಹೊರಗೆ ಗಾಳಿ ಜೋರಾಗಿತ್ತು. ಗುರುಗಳು ಅತ್ತ ಒಮ್ಮೆ ನೋಡಿ, ಕತೆ ಶುರು ಮಾಡಿದರು.

ಬಾಸಿಂಗ ಕಟ್ಟುವವನೊಬ್ಬನಿದ್ದ. ಬೆಂಡು ಕೊರೆದು, ಬಣ್ಣದ ಕಾಗದ ಅಂಟಿಸಿ, ಮದುಮಕ್ಕಳ ಹಣೆಗೆ ಬಾಸಿಂಗ ಮಾಡಿಕೊಡುವುದು ಅವನ ಕಸುಬು. ಮಾಡಿದ್ದನ್ನು ತಾನೇ ಬೈಕಿನ ಮೇಲೆ ಒಯ್ದು ಮದುವೆ ಮನೆಗೆ ಮುಟ್ಟಿಸುತ್ತಿದ್ದ. ಬಾಸಿಂಗಕ್ಕೆ ತೂಕವೆಂಬುದಿಲ್ಲ. ತೂಕವಿಲ್ಲದ ವಸ್ತುವನ್ನು ಗಾಳಿಯಲ್ಲಿ ಒಯ್ಯುವ ಫಜೀತಿ ಒಯ್ದವರಿಗೇ ಗೊತ್ತು.

ಒಂದು ವರ್ಷ ಜ್ಯೇಷ್ಠದ ಕೊನೆಯ ಮುಹೂರ್ತಕ್ಕೆ ದೂರದ ಊರಿನವರು ಒಂದು ಜೊತೆ ಬಾಸಿಂಗ ಹೇಳಿದ್ದರು. ಆ ಮುಹೂರ್ತ ತಪ್ಪಿದರೆ ಆಷಾಢ. ಮದುವೆ ಶ್ರಾವಣಕ್ಕೆ ಹೋಗುತ್ತದೆ. ಮದುಮಗಳ ಅಜ್ಜಿ ಹಾಸಿಗೆ ಹಿಡಿದಿದ್ದಳು. ಮೊಮ್ಮಗಳ ತಲೆಗೆ ಅಕ್ಷತೆ ಹಾಕಿಯೇ ಕಣ್ಣು ಮುಚ್ಚುತ್ತೇನೆ ಎಂದು ಜೀವ ಹಿಡಿದುಕೊಂಡಿದ್ದಳು. ಶ್ರಾವಣದವರೆಗೆ ಆ ಜೀವ ನಿಲ್ಲುವ ನಂಬಿಕೆ ಯಾರಿಗೂ ಇರಲಿಲ್ಲ. ಬಾಸಿಂಗ ಕಟ್ಟದೆ ತಾಳಿ ಕಟ್ಟುವ ಪದ್ಧತಿ ಆ ಮನೆತನದಲ್ಲಿಲ್ಲ.

ಆ ದಿನ ಬೆಳಗಾಗುತ್ತಲೇ ಪಡುವಣ ಗಾಳಿ ಎದ್ದಿತು. ದಾರಿಯುದ್ದಕ್ಕೂ ಬಯಲು, ತಡೆಯಲು ಒಂದು ಗಿಡವಿಲ್ಲ.

"ಬಸ್ಸಿಗೆ ಹೋಗೂಣೇಳ್ರಿ, ಗಾಳಿ ಹುಚ್ಚೆದ್ದೈತಿ" ಎಂದಳು ಹೆಂಡತಿ.

"ಬಸ್ಸಿನ್ಯಾಗ ಮಂದಿ ತಿಕ್ಯಾಡಿ ಬಾಸಿಂಗ ಚಟ್ನಿ ಮಾಡ್ತಾರ. ಗಾಳಿ ಗುಣ ನನಗ ಗೊತ್ತೈತಿ, ನೀ ಹಿಂದ ಕುಂದ್ರು" ಎಂದ ಅವನು.

ಅದು ಬರೀ ಜಂಬದ ಮಾತಾಗಿರಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಿತ್ತು. ಬಾಸಿಂಗದ ಡಬ್ಬಿಯನ್ನು ಹಿಂದೆ ಎತ್ತರಕ್ಕೆ ಕಟ್ಟದೆ ತನ್ನ ಬೆನ್ನಿಗೂ ಹೆಂಡತಿಗೂ ನಡುವೆ ಇಟ್ಟ. ಎರಡೂ ಕಡೆ ಕಾಲು ಹಾಕಿ ಕೂರು, ಸೆರಗನ್ನು ಸೊಂಟಕ್ಕೆ ಬಿಗಿ ಎಂದು ಅವಳಿಗೆ ಹೇಳಿದ. ನಾಚಿಕೆಯಾಗುತ್ತದೆ ಎಂದಳು. ಬಿದ್ದರೆ ಇದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ ಎಂದ. ಅವಳು ಸೆರಗು ಬಿಗಿದು ಹತ್ತಿ ಕೂತಳು.

ಗಾಳಿ ಬಲಗಡೆಯಿಂದ ಹೊಡೆಯುತ್ತಿತ್ತು. ಮೊದಲ ಏಟಿಗೇ ಬೈಕು ಪಕ್ಕಕ್ಕೆ ಸರಿಯಿತು. ಹೊಸಬನಾಗಿದ್ದರೆ ಹೆದರಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಿದ್ದ. ಹಾಗೆ ಹಿಡಿದವನ ಕೈಯ ನಡುಕವೆಲ್ಲ ಚಕ್ರಕ್ಕೆ ಇಳಿಯುತ್ತದೆ. ಇವನು ಕೈ ಸಡಿಲ ಬಿಟ್ಟು ಮೊಣಕಾಲಿನಿಂದ ಟ್ಯಾಂಕನ್ನು ಅವುಚಿಕೊಂಡ. ವೇಗ ಇಳಿಸಿದ, ಮೈ ತಗ್ಗಿಸಿದ. ಗಾಳಿ ತಳ್ಳಿದರೆ ಸರಿಯಲು ಜಾಗವಿರಲಿ ಎಂದು ರಸ್ತೆಯ ಅಂಚು ಬಿಟ್ಟು ತುಸು ಒಳಗೆ ಬಂದ. ಆಮೇಲೆ ಬೈಕನ್ನು ಗಾಳಿ ಬರುವ ಕಡೆಗೇ ವಾಲಿಸಿದ. ಗಾಳಿ ಎಡಕ್ಕೆ ತಳ್ಳುತ್ತಿತ್ತು, ಇವನು ಬಲಕ್ಕೆ ಒರಗುತ್ತಿದ್ದ, ಎರಡಕ್ಕೂ ಸರಿಹೋಗಿ ಬೈಕು ನೇರ ಓಡುತ್ತಿತ್ತು.

ದಾರಿಯಲ್ಲಿ ಬೈಕು ನಿಲ್ಲಿಸಿ, ಸೇತುವೆಯ ಕಟ್ಟೆಗೆ ಆತು ಕೂತವರು ಸಿಕ್ಕರು. ಅವರು ಇವನನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಇವನು ಒಳಗೊಳಗೇ ಹಿಗ್ಗಿದ. ಗಾಳಿಯನ್ನು ಗೆದ್ದೆ ಅಂದುಕೊಂಡ. ಒರಗಿ ಒರಗಿ, ತಾನು ಒರಗಿದ್ದೇನೆ ಎಂಬ ಎಚ್ಚರವೇ ಹೊರಟುಹೋಗಿತ್ತು. ಅವನ ಮೈಗೆ ಈಗ ಅದೇ ನೆಟ್ಟಗೆ ಅನ್ನಿಸುತ್ತಿತ್ತು.

ಆ ಊರು ಇನ್ನೇನು ಬಂತು ಅನ್ನುವಾಗ ಬಲಗಡೆಗೆ ಹತ್ತಿ ಮಿಲ್ಲಿನ ಗೋಡೆ ಸಿಕ್ಕಿತು. ಆನೆಯೆತ್ತರದ ಉದ್ದನೆಯ ಗೋಡೆ. ಹೆಂಡತಿ ಬೆನ್ನು ತಟ್ಟಿ ಸಾವಕಾಶ ಹೋಗಿರಿ ಎಂದಳು. ಗೋಡೆ ಬಂತೆಂದರೆ ಗಾಳಿಯ ಕಾಟ ತಪ್ಪಿದ ಹಾಗೆ ಎಂದು ಅವನು ವೇಗ ಏರಿಸಿದ.

ಗೋಡೆಯ ಮರೆಗೆ ಬಂದದ್ದೇ ತಡ, ಗಾಳಿ ಕತ್ತರಿಸಿದ ಹಾಗೆ ನಿಂತಿತು. ಎಡಕ್ಕೆ ತಳ್ಳುವವರು ಯಾರೂ ಇಲ್ಲ, ಇವನು ಮಾತ್ರ ಬಲಕ್ಕೆ ಒರಗಿಯೇ ಇದ್ದ. ಬೈಕು ರಸ್ತೆಯನ್ನು ಅಡ್ಡ ದಾಟಿ ಗೋಡೆಯ ಬುಡದಲ್ಲಿ ಮಗುಚಿ ಬಿತ್ತು. ಎದುರಿನಿಂದ ಗಾಡಿ ಬರದಿದ್ದದ್ದು ಅವರ ಪುಣ್ಯ.

ಮಿಲ್ಲಿನ ಮಂದಿ ಓಡಿಬಂದು ಎತ್ತಿದರು. ಗಾಳಿ ಬೀಳಿಸಿತೇ ಎಂದು ಕೇಳಿದರು. ಹೌದೆನ್ನಲು ಅವನು ಬಾಯಿ ತೆರೆದ. ಗೋಡೆಯ ಪಕ್ಕದಲ್ಲೊಂದು ಬೇವಿನ ಗಿಡವಿತ್ತು. ಅದರ ಒಂದು ಎಲೆಯೂ ಅಲುಗುತ್ತಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡ.

ಹೆಂಡತಿಯ ಮೊಣಕೈ ತರಚಿತ್ತು. ಅದನ್ನು ನೋಡಿಕೊಳ್ಳದೆ ಅವಳು ಡಬ್ಬಿ ತೆರೆದಳು. ಮದುಮಗನ ಬಾಸಿಂಗ ಚೆನ್ನಾಗಿತ್ತು, ಮದುಮಗಳದು ನಡುವೆ ಮುರಿದಿತ್ತು. ಅವಳ ಕಣ್ಣು ತುಂಬಿ ಬಂತು. ಅಕ್ಷತೆ ಹಿಡಿದು ಕಾಯುತ್ತಿರುವ ಮುದುಕಿ ನೆನಪಾಗಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇಷ್ಟು ದೂರ ಗಾಳಿಯಲ್ಲಿ ಉಳಿಸಿಕೊಂಡು ಬಂದದ್ದನ್ನು ಗಾಳಿಯಿಲ್ಲದ ಕಡೆ ಮುರಿದುಕೊಂಡಿದ್ದ.

ಆದರೆ ಹೇಸಿಗೆಪಟ್ಟುಕೊಳ್ಳುತ್ತ ಕೂತರೆ ಮುಹೂರ್ತ ಕಾಯುವುದಿಲ್ಲ. ಬೆಂಡಿನ ಕೆಲಸಕ್ಕೆ ಮೊದಲು ಬೇಕಾದದ್ದು ಗಾಳಿ ಆಡದ ಜಾಗ. ಆ ಬಯಲಿನಲ್ಲೆಲ್ಲ ಅಂಥ ಜಾಗ ಇದ್ದದ್ದು ಅವನು ಬಿದ್ದ ಆ ಗೋಡೆಯ ಬುಡ ಒಂದೇ. ಯಾವಾಗಲೂ ಜೊತೆಗಿರುವ ಚೀಲದಿಂದ ಬೆಂಡಿನ ಚೂರು, ದಾರ, ಅಂಟು ತೆಗೆದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಕಾಗದ ಹಾರಲಿಲ್ಲ, ದಾರ ಸಿಕ್ಕಾಗಲಿಲ್ಲ. ಮುರಿದ ಬಾಸಿಂಗ ಮೊದಲಿನ ಹಾಗಾಯಿತು. ಮೊದಲಿಗಿಂತ ಚೆಂದವಾಯಿತು ಎಂದು ಹೆಂಡತಿ ಹೇಳಿದಳು. ಹೆಂಡತಿಯ ಮಾತು, ನಂಬಬೇಕು.

ಮತ್ತೆ ಹೊರಟಾಗ ಗೋಡೆ ಮುಗಿಯುವ ಮುಂಚೆಯೇ ವೇಗ ಇಳಿಸಿದ. ಗಾಳಿ ಸಿಕ್ಕಾಗ ಅದರ ಕಡೆ ಒರಗಿದ, ಮನೆಗಳ ಮರೆ ಸಿಕ್ಕಾಗ ನೆಟ್ಟಗಾದ. ಮುಹೂರ್ತಕ್ಕೆ ಸರಿಯಾಗಿ ಬಾಸಿಂಗ ಮುಟ್ಟಿತು. ಅಜ್ಜಿಯನ್ನು ಮಂಚದ ಸಮೇತ ಚಪ್ಪರಕ್ಕೆ ತಂದರು. ಅವಳು ಕೈಯಾರೆ ಅಕ್ಷತೆ ಹಾಕಿದಳು.

ಗುರುಗಳು ಕತೆ ಮುಗಿಸಿದರು.

ಚನ್ನಮಲ್ಲ ತಲೆಯಾಡಿಸುತ್ತ ಕೇಳಿದ್ದ. ಬಾಸಿಂಗದವನ ಗಟ್ಟಿತನ ಅವನಿಗೆ ತುಂಬಾ ಹಿಡಿಸಿತ್ತು.

"ಚಲೋ ಕತಿ ಹೇಳಿದ್ರಿ, ಅಜ್ಜಾರ. ನಾನೂ ಹಂಗ ನೋಡ್ರಿ, ಇಷ್ಟು ವರ್ಷ ಗೌಡ್ರಿಗೆ ಒಂದೀಟೂ ಜಗ್ಗಲಿಲ್ಲ. ಖರೇ, ನಾ ಕೇಳಿದ್ದು ಹಂಗ ಉಳೀತಲ್ರಿ. ನಾಳೆ ಅವರ ಕಡಿಂದ ತಪ್ಪಾತು ಅನಸ್ಲೋ ಬ್ಯಾಡೋ?"

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಗಾಳಿ ನಿಂತೈತಿ ಚನ್ನಮಲ್ಲಾ, ನೀ ಇನ್ನೂ ವಾಲ್ಕೊಂಡ ಕುಂತೀಯಲ್ಲ."